ಜೋಕಾಲಿಗೆ ಮೊದಲು ನೆಲ: ನಮ್ಮ ಶಿಶುವಿಹಾರದ ಅಂಗಳದಲ್ಲಿ ಮಾಡಿಕೊಂಡ ಏರ್ಪಾಡು

ಧಾರವಾಡದಲ್ಲಿ ನಾನು ನಡೆಸುವ ಶಿಶುವಿಹಾರಕ್ಕೆ ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ ಮಕ್ಕಳು ಬರುತ್ತಾರೆ. ಹೊಸದಾಗಿ ಡೇಕೇರ್ ತೆರೆಯುವವರು ನೋಡಲು ಬಂದಾಗ ಹೆಚ್ಚಾಗಿ ಕೇಳುವುದು ಜೋಕಾಲಿಯ ಬಗ್ಗೆ: ಎಲ್ಲಿ ಕೊಂಡಿರಿ, ಎಷ್ಟಾಯಿತು, ಮಕ್ಕಳಿಗೆ ಏನೇನು ನಿಯಮ ಹಾಕಿದ್ದೀರಿ. ನಾನು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಅಳತೆಯ ಟೇಪನ್ನು ಕೈಗೆ ಕೊಡುತ್ತೇನೆ. ಎರಡು ವರ್ಷದ ಕೂಸನ್ನು ನಿಯಮ ಹೇಳಿ ಕಾಪಾಡಲು ಬರುವುದಿಲ್ಲ. ಜಾಗ, ನೆಲ, ಸರಪಳಿ, ಕೊಂಡಿ ಇವೇ ಅದನ್ನು ಕಾಪಾಡಬೇಕು. ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ಅಪಾಯಕ್ಕಷ್ಟೇ ಮಕ್ಕಳ ನಿಯಮ.

ಜೋಕಾಲಿಯಲ್ಲಿ ಪೆಟ್ಟಾಗುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಕುಳಿತ ಮಗು ಬೀಳುತ್ತದೆ, ಇಲ್ಲವೇ ಓಡಾಡುವ ಮಗುವಿಗೆ ತೂಗುತ್ತಿರುವ ಆಸನ ಬಡಿಯುತ್ತದೆ. ಎರಡನೆಯದನ್ನು ದೊಡ್ಡವರು ಲಘುವಾಗಿ ಕಾಣುತ್ತಾರೆ. ನಾಲ್ಕು ಅಡಿಯ ಸರಪಳಿಗೆ ತೂಗುವ ಆಸನ 45 ಡಿಗ್ರಿಯವರೆಗೆ ಏರಿ ಇಳಿದರೆ, ಕೆಳಗೆ ಬರುವಾಗ ಅದರ ವೇಗ ಗಂಟೆಗೆ ಒಂಬತ್ತು ಕಿಲೋಮೀಟರ್ ದಾಟಿರುತ್ತದೆ. ಹೋಗಿ ಬರುವುದಕ್ಕೆ ಅದಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಆಸನ ಅತ್ತ ಹೋದದ್ದನ್ನು ನೋಡಿ ಇತ್ತ ದಾಟಲು ಹೊರಟ ಮಗು ಅರ್ಧ ದಾರಿಯಲ್ಲಿರುವಾಗಲೇ ಅದು ಮರಳಿ ಬಂದಿರುತ್ತದೆ. ಆಸನದ ಅಂಚು ಮೂರು ವರ್ಷದವರ ಮುಖದ ಮಟ್ಟದಲ್ಲೇ ಹಾಯುತ್ತದೆ. ಮೂರನೆಯ ಬಗೆ ಅಪರೂಪ, ಆದರೆ ಜೀವಕ್ಕೇ ಎರವಾಗುವಂಥದ್ದು: ಕೊರಳಲ್ಲಿರುವ ದಾರವೋ ಪಟ್ಟಿಯೋ ಎಲ್ಲಾದರೂ ಸಿಕ್ಕಿ ಬಿಗಿದುಕೊಳ್ಳುವುದು.

ಅಳತೆಗಳಿಗೆ ನಾನು ನೆಚ್ಚಿಕೊಂಡದ್ದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಾರ್ವಜನಿಕ ಆಟದ ಮೈದಾನಗಳಿಗೆಂದು ಹೊರತಂದ ಕೈಪಿಡಿಯನ್ನು. 1981ರಲ್ಲಿ ಮೊದಲು ಬಂದ ಇದು ಆಮೇಲೆ ಪರಿಷ್ಕರಣೆಯನ್ನೂ ಕಂಡಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮಗುವಿನ ತಲೆಯ ಅಳತೆಗೂ ಬೀಳುವ ವೇಗಕ್ಕೂ ದೇಶದ ಭೇದವಿಲ್ಲವಾದ್ದರಿಂದ ಅದನ್ನು ಇಲ್ಲಿ ಬಳಸಲು ನಾನು ಹಿಂದೆಮುಂದೆ ನೋಡಲಿಲ್ಲ.

ಅದರ ಮೊದಲ ಲೆಕ್ಕವೇ ನಮ್ಮ ಊರಿನ ಸೈಟುಗಳ ಬಂಡವಾಳ ಬಯಲು ಮಾಡುತ್ತದೆ. ಸರಪಳಿ ತೂಗುಬಿದ್ದಿರುವ ಮೇಲಿನ ಕೀಲಿನಿಂದ ನೆಲಕ್ಕೆ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಮುಂದೆ ಖಾಲಿ ಇರಬೇಕು, ಹಿಂದೆಯೂ ಅಷ್ಟೇ. ಚೌಕಟ್ಟಿನ ಎರಡು ಪಕ್ಕದಲ್ಲಿ ಆರಾರು ಅಡಿ. ಒಂದು ಚೌಕಟ್ಟಿಗೆ ಎರಡಕ್ಕಿಂತ ಹೆಚ್ಚು ಆಸನ ಬೇಡ. ಮೂರನೆಯದನ್ನು ನಡುವೆ ಕಟ್ಟಿದರೆ ಅದನ್ನು ಹತ್ತಲು ಹೋಗುವ ಮಗು ಎರಡು ತೂಗುವ ಆಸನಗಳ ನಡುವೆ ನುಗ್ಗಲೇಬೇಕಾಗುತ್ತದೆ. ಎರಡು ಆಸನಗಳ ಮಧ್ಯೆ 24 ಇಂಚು, ಆಸನಕ್ಕೂ ಕಂಬಕ್ಕೂ ಮಧ್ಯೆ 30 ಇಂಚು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಚೌಕಟ್ಟು ಎಂಟು ಅಡಿ ಎತ್ತರದ್ದು. ಅದನ್ನು ನಿಲ್ಲಿಸಿದರೆ ಮುಂದೆ ಹದಿನಾರು, ಹಿಂದೆ ಹದಿನಾರು ಅಡಿ ಬಿಡಬೇಕು. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಅಂಗಳದಲ್ಲಿ ಇದು ಆಗದ ಮಾತು.

ಹಾಗಾಗಿ ನಾನು ಎತ್ತರವನ್ನೇ ಇಳಿಸಿದೆ. ವೆಲ್ಡಿಂಗ್ ಅಂಗಡಿಯವರ ಬಳಿ ಕುಳಿತು, ಕೀಲು ನೆಲದಿಂದ ಐದೇ ಅಡಿ ಇರುವ, ಅಡ್ಡ ಪೈಪು ಹತ್ತು ಅಡಿ ಉದ್ದದ ಚೌಕಟ್ಟು ಮಾಡಿಸಿದೆ. ಈಗ ಎರಡು ಆಸನಕ್ಕೆ ಉದ್ದ ಇಪ್ಪತ್ತು, ಅಗಲ ಇಪ್ಪತ್ತೆರಡು ಅಡಿ ಸಾಕು. ಇಷ್ಟಾದರೂ 440 ಚದರ ಅಡಿ ಬೇಕೇ ಬೇಕು. ಕಂಪೌಂಡ್ ಗೋಡೆ, ನೀರಿನ ತೊಟ್ಟಿ, ತೆಂಗಿನ ಮರದ ಕಟ್ಟೆ ಯಾವುದೂ ಇದರೊಳಗೆ ಬರಬಾರದು. ಜಾರುಬಂಡೆಯ ಕೊನೆ ಈ ಜಾಗಕ್ಕೆ ಮುಖಮಾಡಿರಬಾರದು. ಇಷ್ಟು ಜಾಗ ಇಲ್ಲದವರಿಗೆ ನಾನು ಕೊಡುವ ಸಲಹೆ ಒಂದೇ: ಜೋಕಾಲಿ ಹಾಕಬೇಡಿ. ಮರಳಿನ ಹೊಂಡ ಮಾಡಿ, ತೆವಳಿ ದಾಟುವ ಸುರಂಗ ಇಡಿ, ನೀರಾಟಕ್ಕೆ ಒಂದು ಮೂಲೆ ಕೊಡಿ. ಮಕ್ಕಳು ಸಂತೋಷವಾಗಿಯೇ ಇರುತ್ತಾರೆ. ಕೆಲವರಿಗೆ ಇದು ಬೇಸರ ತರುತ್ತದೆ. ಕರಪತ್ರದಲ್ಲಿ ಜೋಕಾಲಿಯ ಚಿತ್ರವಿದ್ದರೆ ದಾಖಲಾತಿ ಹೆಚ್ಚುತ್ತದೆ ಎಂಬ ಲೆಕ್ಕ ಅವರದು. ಆ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ.

ಜೋಕಾಲಿಯನ್ನು ಅಂಗಳದ ನಡುವೆ ಇಡದೆ ಮೂಲೆಯಲ್ಲಿ ಇಟ್ಟೆವು. ಬಾಗಿಲಿನಿಂದ ಶೌಚಾಲಯಕ್ಕೆ, ಶೌಚಾಲಯದಿಂದ ಮರಳಿನ ಹೊಂಡಕ್ಕೆ, ಅಲ್ಲಿಂದ ನಲ್ಲಿಗೆ ಮಕ್ಕಳು ದಿನವಿಡೀ ಓಡುವ ದಾರಿಗಳನ್ನು ಸುಣ್ಣದಲ್ಲಿ ಎಳೆದು ನೋಡಿದೆ. ಯಾವ ಗೆರೆಯೂ ಹಾಯದ ಮೂಲೆ ಈಶಾನ್ಯದಲ್ಲಿ ಸಿಕ್ಕಿತು. ದಾಟಬೇಡ ಎಂದು ಹೇಳುವ ಪ್ರಸಂಗವೇ ಈಗ ಕಡಿಮೆ, ಏಕೆಂದರೆ ಅಲ್ಲಿ ದಾಟಿ ಹೋಗಲು ಮಗುವಿಗೆ ಯಾವ ಕಾರಣವೂ ಇಲ್ಲ. ಮೂರು ವರ್ಷದೊಳಗಿನವರ ಬಕೆಟ್ ಆಸನಗಳಿಗೆ, ಅಂದರೆ ಕೂಸನ್ನು ಸುತ್ತಲೂ ಆವರಿಸಿ ಹಿಡಿಯುವ ಆಸನಗಳಿಗೆ, ಬೇರೆಯೇ ಚೌಕಟ್ಟು ಮಾಡಿಸಿದ್ದೇವೆ. ಬಕೆಟ್ ಆಸನದ ತಳ ನೆಲದಿಂದ 24 ಇಂಚು ಮೇಲಿರಬೇಕು. ಆಗ ಕೂಸು ತಾನಾಗಿ ಹತ್ತಲಾರದು, ದೊಡ್ಡವರೇ ಎತ್ತಿ ಕೂರಿಸಬೇಕು. ದೊಡ್ಡ ಮಕ್ಕಳ ಆಸನದ ಕೆಳಗೆ ಮಗು ಕುಳಿತಾಗ ಕನಿಷ್ಠ 12 ಇಂಚು ತೆರವಿರಬೇಕು. ಬಿದ್ದ ಮಗುವಿನ ಮೇಲಿಂದ ಆಸನ ಹಾದುಹೋಗಲು ಆ ಸಂದು ಬೇಕು.

ಕಂಬ ಹೂಳುವ ಕೆಲಸದಲ್ಲಿ ನಮ್ಮ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ, ಪೂರ್ವಕ್ಕೆ ಸರಿದಂತೆ ಎರೆ ಭೂಮಿ. ನಮ್ಮದು ಎರೆಯ ಅಂಚು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಸಿರಾಡುವ ಮಣ್ಣಿನಲ್ಲಿ ಮೇಲೆಮೇಲೆ ಹೂತ ಕಂಬ ನಿಧಾನವಾಗಿ ಸಡಿಲಾಗಿ ಒಂದು ಕಡೆಗೆ ವಾಲುತ್ತದೆ. ನಾವು ಎರೆಯನ್ನು ತೆಗೆಸಿ ಕೆಳಗಿನ ಗಟ್ಟಿ ಗರಸಿನವರೆಗೆ ಅಗೆಸಿ, ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ, ಸುತ್ತಲೂ ಗರಸು ತುಂಬಿಸಿ ದಮ್ಮಸು ಮಾಡಿಸಿದೆವು. ಕಾಂಕ್ರೀಟಿನ ತಲೆ ನೆಲದ ಮೇಲೆ ಕಾಣಬಾರದು, ಎಡವಿದ ಮಗುವಿನ ಹಣೆಗೆ ಅದೇ ಕಲ್ಲಾಗುತ್ತದೆ. ಚೌಕಟ್ಟಿನ ಕಾಲುಗಳ ನಡುವೆ ಬಲಕ್ಕೆಂದು ಅಡ್ಡಪಟ್ಟಿ ಬೆಸೆಯಲು ಮೇಸ್ತ್ರಿ ಮುಂದಾದರು. ಬೇಡ ಎಂದೆ. ಅಡ್ಡಪಟ್ಟಿ ಇದ್ದರೆ ಅದು ಏಣಿಯೇ ಸರಿ, ನಾಲ್ಕು ವರ್ಷದವರು ಹತ್ತದೆ ಬಿಡುವುದಿಲ್ಲ. ಅವರು ದಪ್ಪ ಪೈಪು ಬಳಸಿ ಅದೇ ಬಲ ತಂದುಕೊಟ್ಟರು.

ಇನ್ನು ನೆಲದ ಹಾಸು. ನನ್ನ ಹಣದ ಬಹುಪಾಲು ಹೋದದ್ದು ಇದಕ್ಕೇ, ಹೋಗಬೇಕಾದದ್ದೂ ಇದಕ್ಕೇ. ಜೋಕಾಲಿಯಲ್ಲಿ ಬೀಳುವ ಎತ್ತರ ಎಂದರೆ ಆಸನದ ಎತ್ತರ ಎಂದು ಹಲವರು ತಿಳಿದಿದ್ದಾರೆ. ಕೈಪಿಡಿ ಅದನ್ನು ಕೀಲಿನ ಎತ್ತರದಿಂದ ಲೆಕ್ಕ ಹಾಕುತ್ತದೆ, ಏಕೆಂದರೆ ತೂಗಾಟದ ತುದಿಯಲ್ಲಿ ಮಗು ಅಷ್ಟು ಮೇಲಕ್ಕೆ ಏರಿರಬಹುದು. ಕಾಂಕ್ರೀಟ್, ಡಾಂಬರು, ಪೇವರ್ ಇವುಗಳ ಮಾತು ಬಿಡಿ. ಬರೀ ಮಣ್ಣು ಮತ್ತು ಹುಲ್ಲು ಕೂಡ ಲೆಕ್ಕಕ್ಕಿಲ್ಲ. ಕಾಲು ಉಜ್ಜುವ ಕಡೆ ಹುಲ್ಲು ಸತ್ತು ನೆಲ ಹೆಂಚಿನಂತಾಗುತ್ತದೆ.

ಎಲ್ಲರೂ ಮೊದಲು ಹೇಳುವುದು ಮರಳು. ಒಂಬತ್ತು ಇಂಚು ಮರಳು ನಾಲ್ಕು ಅಡಿಯಿಂದ ಬೀಳುವುದಕ್ಕೆ ಮಾತ್ರ ಸಾಕು ಎನ್ನುತ್ತದೆ ಕೈಪಿಡಿಯ ಕೋಷ್ಟಕ. ನಮ್ಮ ಕೀಲು ಇರುವುದು ಐದು ಅಡಿಯಲ್ಲಿ. ಅಲ್ಲದೆ ಈಗ ಸುಲಭವಾಗಿ ಸಿಗುವುದು ಎಂ-ಸ್ಯಾಂಡ್. ಕಲ್ಲು ಅರೆದು ಮಾಡಿದ ಆ ಪುಡಿಯ ಕಣಗಳಿಗೆ ಮೂಲೆಗಳಿರುತ್ತವೆ. ಅವು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುವುದಕ್ಕೆಂದೇ ಕಟ್ಟಡದವರು ಅದನ್ನು ಮೆಚ್ಚುವುದು. ಬೀಳುವ ಮಗುವಿಗೆ ಬೇಕಾದದ್ದು ಇದಕ್ಕೆ ತೀರಾ ವಿರುದ್ಧವಾದ ಗುಣ, ಅಂದರೆ ಸರಿದು ಜಾಗ ಕೊಡುವ ದುಂಡು ಕಣ. ಒಂಬತ್ತು ಇಂಚು ಮರದ ಚಕ್ಕೆ ಹತ್ತು ಅಡಿಯವರೆಗೂ ತಡೆಯುತ್ತದೆ. ಆದರೆ ಸಾಮಿಲ್‌ಗಳಲ್ಲಿ ವಿಚಾರಿಸಿದಾಗ ಸಿಕ್ಕಿದ ಚಕ್ಕೆಯಲ್ಲಿ ಪ್ಲೈವುಡ್ ತುಂಡು, ಬಣ್ಣ ಬಳಿದ ಮರ, ಮೊಳೆ ಎಲ್ಲ ಬೆರೆತಿತ್ತು. ನಮ್ಮ ಮಳೆಗೆ ಅದು ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಚೂರು ಮಾಡಿದ ಟೈರ್ ರಬ್ಬರ್ ಆರು ಇಂಚು ಹಾಕಿದರೆ ಹತ್ತು ಅಡಿಗೆ ಸಾಕಾದರೂ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಒಂದೂವರೆ ವರ್ಷದವರ ನಡುವೆ ಅದನ್ನು ಹರಡಲು ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ರಬ್ಬರ್ ಟೈಲ್ಸ್ ಹಾಕಿಸಿದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೆತ್ತಗಿದೆ ಎಂದು ಕೈಯಿಂದ ಒತ್ತಿ ನೋಡಿ ಕೊಳ್ಳಬೇಡಿ. ಜಿಮ್‌ಗೆ ಹಾಕುವ ತೆಳು ರಬ್ಬರ್ ಹಾಸನ್ನೇ ಮಕ್ಕಳ ಆಟಕ್ಕೂ ಆಗುತ್ತದೆ ಎಂದು ಮಾರುವವರಿದ್ದಾರೆ. ಎಎಸ್‌ಟಿಎಂ ಎಫ್1292 ಎಂಬ ಪರೀಕ್ಷೆಯ ವರದಿ ಕೇಳಿ. ತಲೆಯ ಆಕಾರದ ಭಾರವನ್ನು ಎತ್ತರದಿಂದ ಬೀಳಿಸಿ, ಬಡಿತ 200 ಜಿ (ಗುರುತ್ವದ ಇನ್ನೂರು ಪಟ್ಟು) ಹಾಗೂ ತಲೆಗಾಯದ ಸೂಚ್ಯಂಕ 1000 ಮೀರದೆ ಎಷ್ಟು ಎತ್ತರದವರೆಗೆ ತಡೆಯುತ್ತದೆ ಎಂದು ಅದರಲ್ಲಿ ನೋಡುತ್ತಾರೆ. ನಮ್ಮ ಟೈಲ್ಸ್‌ನ ವರದಿಯಲ್ಲಿರುವ ಎತ್ತರ ನಮ್ಮ ಕೀಲಿಗಿಂತ ಹೆಚ್ಚಾಗಿರಬೇಕೆಂಬುದೇ ನನ್ನ ಷರತ್ತಾಗಿತ್ತು. ವರದಿ ಕೊಡಲು ಹಿಂಜರಿದ ಮಾರಾಟಗಾರರನ್ನು ಬಿಟ್ಟು, ಕೊಟ್ಟವರಲ್ಲಿ ಕೊಂಡೆ. ತಿಳಿ ಬಣ್ಣದ್ದನ್ನು ಆರಿಸಿದ್ದು ಬಿಸಿಲಿಗಾಗಿ. ಕಪ್ಪು ರಬ್ಬರ್ ಏಪ್ರಿಲ್‌ನಲ್ಲಿ ಅಂಗಾಲು ಸುಡುತ್ತದೆ. ಮೇಲೆ ಹಸಿರು ನೆರಳು ಬಲೆ ಕಟ್ಟಿಸಿದ್ದೇವೆ. ಆದರೂ ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಜೋಕಾಲಿ ಮುಚ್ಚಿರುತ್ತದೆ. ಬೆಳಿಗ್ಗೆಯೂ ಆಯಾ ಮೊದಲು ತನ್ನ ಅಂಗೈಯ ಹಿಂಬದಿಯನ್ನು ಆಸನಕ್ಕೂ ಸರಪಳಿಗೂ ಇಟ್ಟು ನೋಡಿಯೇ ಮಕ್ಕಳನ್ನು ಬಿಡಬೇಕು.

ಆಸನ ಕಬ್ಬಿಣದ್ದಾಗಲಿ ಹಲಗೆಯದ್ದಾಗಲಿ ಬೇಡವೇ ಬೇಡ. ನಮ್ಮ ಎಷ್ಟೋ ಉದ್ಯಾನಗಳಲ್ಲಿ ಇಂದಿಗೂ ಕಬ್ಬಿಣದ ಪಟ್ಟಿಯ ಆಸನ ಕಾಂಕ್ರೀಟಿನ ಮೇಲೆ ತೂಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೆತ್ತನೆಯ ರಬ್ಬರಿನ ಬೆಲ್ಟ್ ಆಸನ ಬಡಿದರೂ ಪೆಟ್ಟು ಕಡಿಮೆ, ಅದರ ಮೇಲೆ ನಿಲ್ಲುವುದೂ ಕಷ್ಟ. ಹಳೆಯ ಟೈರನ್ನು ಆಸನ ಮಾಡುವವರು ತಳದಲ್ಲಿ ತೂತು ಕೊರೆಯದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತವರಾಗುತ್ತದೆ. ಉಕ್ಕಿನ ತಂತಿಯಿರುವ ಟೈರಂತೂ ಸವೆದಾಗ ತಂತಿಯ ಮೊನೆ ಹೊರಬರುತ್ತದೆ. ಸರಪಳಿಯ ಮೇಲಿನ ತುದಿಗಳ ನಡುವೆ ಕನಿಷ್ಠ 20 ಇಂಚು ಅಂತರ ಬೇಕು, ಅದು ಆಸನದ ಅಗಲಕ್ಕಿಂತ ಹೆಚ್ಚಿರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಆದಾಗ ಆಸನ ಅಡ್ಡಡ್ಡ ಓಲಾಡಿ ಪಕ್ಕದವರಿಗೆ ಬಡಿಯುವುದು ತಗ್ಗುತ್ತದೆ.

ಸರಪಳಿಯನ್ನು ಜೋಡಿಸುವ, ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಕೊಂಡಿಯ ಬಾಯಿ ಪೂರ್ತಿ ಮುಚ್ಚಿರಬೇಕು. ಒಂದು ಮಿಲಿಮೀಟರಿಗಿಂತ ಹೆಚ್ಚು ಸಂದು ಇದ್ದರೆ ಅಂಗಿಯ ದಾರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಆಸನವೂ ಕಳಚಬಹುದು. ನಾನು ಪರೀಕ್ಷೆಗೆ ಹಳೆಯ ಎಟಿಎಂ ಕಾರ್ಡ್ ಇಟ್ಟುಕೊಂಡಿದ್ದೇನೆ. ಅದರ ದಪ್ಪ ಮುಕ್ಕಾಲು ಮಿಲಿಮೀಟರ್. ಕಾರ್ಡಿನ ಅಂಚು ಸಂದಿನಲ್ಲಿ ತೂರಿತೆಂದರೆ ಅಂದೇ ಕೊಂಡಿಯನ್ನು ಬಿಗಿಸಬೇಕು ಅಥವಾ ಬದಲಿಸಬೇಕು. ನಟ್ಟಿನಾಚೆ ಬೋಲ್ಟಿನ ತಿರುಪು ಎರಡು ಸುತ್ತಿಗಿಂತ ಹೆಚ್ಚು ಕಾಣಬಾರದು. ಉಳಿದದ್ದನ್ನು ಕತ್ತರಿಸಿ, ಅರದಲ್ಲಿ ಉಜ್ಜಿ, ಟೊಪ್ಪಿ ಹಾಕಿಸಬೇಕು. ಬೆರಳು ಸಿಕ್ಕದಿರಲೆಂದು ಸರಪಳಿಗೆ ಪ್ಲಾಸ್ಟಿಕ್ ಪೈಪಿನ ಹೊದಿಕೆ ಹಾಕುವುದು ಒಳ್ಳೆಯದೇ. ಆದರೆ ಆ ಹೊದಿಕೆಯೊಳಗೆ ಮಳೆನೀರು ಇಳಿದು ತುಕ್ಕು ಯಾರಿಗೂ ಕಾಣದಂತೆ ಬೆಳೆಯುತ್ತದೆ. ಪ್ರತಿ ತಿಂಗಳು ಪೈಪನ್ನು ಮೇಲಕ್ಕೆ ಸರಿಸಿ ಒಂದೊಂದು ಕೊಂಡಿಯನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಈ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡುವುದಿಲ್ಲ.

ಕೊರಳ ವಿಷಯದಲ್ಲಿ ನಮ್ಮಲ್ಲಿ ರಾಜಿ ಇಲ್ಲ. ನೀರಿನ ಬಾಟಲಿಯ ಪಟ್ಟಿ, ಗುರುತಿನ ಚೀಟಿಯ ದಾರ, ಟೊಪ್ಪಿಗೆಯ ಲಾಡಿ, ಚಳಿಗಾಲದ ಮಫ್ಲರ್, ಪುಟ್ಟ ದುಪಟ್ಟಾ ಯಾವುದೂ ಇದ್ದು ಮಗು ಜೋಕಾಲಿ ಹತ್ತುವಂತಿಲ್ಲ. ಬಾಟಲಿಗಳಿಗೆ ಬಾಗಿಲ ಬಳಿ ಗೂಟಗಳಿವೆ. ಗುರುತಿನ ಚೀಟಿಯನ್ನು ದಾರದ ಬದಲು ಅಂಗಿಗೆ ಅಂಟಿಸುವ ಪಟ್ಟಿಗೆ ಬದಲಿಸಿದ್ದೇವೆ. ಕಷ್ಟವಾದದ್ದು ದೃಷ್ಟಿದಾರ ಮತ್ತು ತಾಯತ. ಒಬ್ಬ ಅಜ್ಜಿ ಖಡಾಖಂಡಿತವಾಗಿ ಹೇಳಿದರು: “ಅಕ್ಕಾವರೇ, ಕೂಸಿನ ಕೊರಳ ದಾರ ಬಿಚ್ಚುವುದಿಲ್ಲ. ನಮ್ಮ ಮನೆತನದ ಪದ್ಧತಿ ಇದು.” ನಾನು ಅವರನ್ನು ಜೋಕಾಲಿಯ ಬಳಿ ಕೂರಿಸಿ, ಒಂದು ದಾರವನ್ನು ಕೊಂಡಿಗೆ ಸಿಕ್ಕಿಸಿ ಆಸನವನ್ನು ಬಿಟ್ಟು ತೋರಿಸಿದೆ. “ಅಜ್ಜಿ, ದಾರ ಇರಲಿ. ಕೊರಳಿನ ಬದಲು ಕಾಲಿಗೆ ಕಟ್ಟಿಕೊಡುತ್ತೀರಾ?” ಎಂದು ಕೇಳಿದೆ. ಅವರು ತಮ್ಮ ಕೈಯಾರೆ ಬಿಚ್ಚಿ ಮೊಮ್ಮಗಳ ಕಾಲಿಗೆ ಕಟ್ಟಿದರು. ಆಮೇಲೆ ಬೇರೆ ಅಜ್ಜಿಯರಿಗೆ ಹೇಳಿ ಒಪ್ಪಿಸಿದ್ದೂ ಅವರೇ. ಇದೇ ನೆಪದಲ್ಲಿ ಮನೆಯಲ್ಲಿ ತೊಲೆಗೆ ಕಟ್ಟುವ ಸೀರೆಯ ಜೋಲಿಯ ಬಗ್ಗೆಯೂ ಎಲ್ಲ ತಾಯಂದಿರಿಗೆ ಹೇಳುತ್ತೇನೆ. ಕೂಸು ಮಲಗಿದ ಮೇಲೆ ನಾಲ್ಕೈದು ವರ್ಷದ ಅಕ್ಕನೋ ಅಣ್ಣನೋ ಅದರಲ್ಲಿ ಸುತ್ತಿಕೊಂಡು ಆಡಲು ಹೋಗಿ ಕೊರಳು ಬಿಗಿದುಕೊಳ್ಳುವ ಅಪಾಯವಿದೆ. ಬಳಸಿ ಮುಗಿದ ಕೂಡಲೇ ಸೀರೆಯನ್ನು ಬಿಚ್ಚಿಡಬೇಕು.

ಮಕ್ಕಳಿಗೆ ನಾವು ಹೇಳಿಕೊಡುವುದು ಕೆಲವೇ ಮಾತು. ಕುಳಿತೇ ತೂಗಬೇಕು. ಎರಡೂ ಕೈ ಸರಪಳಿಯ ಮೇಲಿರಬೇಕು. ಒಂದು ಆಸನಕ್ಕೆ ಒಬ್ಬರು. ಪೂರ್ತಿ ನಿಂತ ಮೇಲೆ ಇಳಿಯಬೇಕು. ಹಳದಿ ಗೆರೆಯ ಆಚೆ ಕಾಯಬೇಕು. “ಜೋಪಾನ, ಜೋಪಾನ” ಎಂದು ಕೂಗುವುದನ್ನು ನಮ್ಮ ಸಿಬ್ಬಂದಿಗೆ ಬಿಡಿಸಿದ್ದೇನೆ. ಆ ಮಾತಿನಿಂದ ಮಗುವಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. “ಕೈ ಹಿಡಿ”, “ಕೂತುಕೋ”, “ಗೆರೆಗೆ ಬಾ” ಎಂದರೆ ತಿಳಿಯುತ್ತದೆ. ಸರದಿಗಾಗಿ ಜಗಳ ಬಾರದಿರಲು ಕಾಯುವ ಮಕ್ಕಳೇ ಬೆಂಚಿನ ಮೇಲೆ ಕುಳಿತು ಒಂದರಿಂದ ಇಪ್ಪತ್ತರವರೆಗೆ ಒಟ್ಟಿಗೆ ಎಣಿಸುತ್ತಾರೆ, ಇಪ್ಪತ್ತಾದರೆ ಸರದಿ ಮುಗಿಯಿತು. ಕಾಯುವುದೂ ಅವರಿಗೆ ಒಂದು ಆಟವಾಗಿದೆ. ಒಬ್ಬರನ್ನೊಬ್ಬರು ತಳ್ಳುವಂತಿಲ್ಲ, ತಳ್ಳುವುದು ದೊಡ್ಡವರ ಕೆಲಸ. ಅದೂ ಮೆಲ್ಲಗೆ, ಮಗುವಿನ ಭುಜದ ಮಟ್ಟ ಮೀರದಷ್ಟು. ಜೋಕಾಲಿ ನೋಡಿಕೊಳ್ಳುವ ಆಯಾ ನಿಲ್ಲುವ ಜಾಗಕ್ಕೆ ಗುರುತಿದೆ. ಅಲ್ಲಿಂದ ಎರಡೂ ಆಸನ, ಬೆಂಚು, ಹಿಂಬದಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಮೊಬೈಲ್ ಕಚೇರಿಯ ಮೇಜಿನ ಮೇಲಿರಬೇಕು.

ಶ್ರಾವಣದಲ್ಲಿ ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಬೇವು, ಹುಣಸೆ, ಆಲದ ಕೊಂಬೆಗಳಿಗೆಲ್ಲ ಹಗ್ಗದ ಜೋಕಾಲಿ. ಶೇಂಗಾ ಉಂಡಿ, ಎಳ್ಳುಂಡಿ ತಿಂದು ಹೆಣ್ಣುಮಕ್ಕಳು ಜೋಡಿಯಾಗಿ ನಿಂತು ಜೀಕುವುದನ್ನು ನೋಡುವುದೇ ಒಂದು ಸೊಗಸು. ಆ ಹಬ್ಬವನ್ನು ನಾನು ಬಹಳ ಪ್ರೀತಿಸುತ್ತೇನೆ, ಮಕ್ಕಳು ಅದರಿಂದ ದೂರವಿರಲಿ ಎನ್ನುವವಳಲ್ಲ. ಹಬ್ಬ ಕಳೆದು ಬಂದ ಮಕ್ಕಳು ಮಾತ್ರ ನಮ್ಮ ಅಂಗಳದಲ್ಲೂ ನಿಂತು ಜೀಕಲು ನೋಡುತ್ತಾರೆ. ಆ ವಾರ ಜೋಕಾಲಿಯ ಬಳಿ ಇಬ್ಬರು ಆಯಾಗಳು. ಹಬ್ಬಕ್ಕೆ ಮೊದಲೇ ಪಾಲಕರ ಸಭೆಯಲ್ಲಿ ಹೇಳುವುದು ಇಷ್ಟು: ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಜೀಕಬೇಡಿ, ಒಣಗಿದ ಕೊಂಬೆಗೆ ಹಗ್ಗ ಹಾಕಬೇಡಿ, ಹಬ್ಬ ಮುಗಿದ ದಿನವೇ ಹಗ್ಗವನ್ನು ಬಿಚ್ಚಿ. ಯಾರೂ ಇಲ್ಲದ ಹೊತ್ತಿನಲ್ಲಿ ತೂಗುವ ಹಗ್ಗದ ಕುಣಿಕೆಗೆ ಪುಟ್ಟ ಮಗು ತಲೆ ತೂರಿಸಬಹುದು.

ತಲೆಗೆ ಪೆಟ್ಟಾದರೆ ಏನು ಮಾಡಬೇಕೆಂಬುದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ. ವಾಂತಿ, ಮಂಪರು, ಪ್ರಜ್ಞೆ ತಪ್ಪುವುದು, ಸೆಳೆತ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬರುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ, ಆಮೇಲೆ ಪಾಲಕರಿಗೆ. ಕುತ್ತಿಗೆಗೆ ಪೆಟ್ಟಾದ ಅನುಮಾನವಿದ್ದರೆ ಮಗುವನ್ನು ಎತ್ತಿಕೊಳ್ಳಬಾರದು. ಚಿಕ್ಕ ಪೆಟ್ಟನ್ನೂ ಅಂದು ಸಂಜೆ ಪಾಲಕರಿಗೆ ತಪ್ಪದೆ ತಿಳಿಸುತ್ತೇವೆ, ಏಕೆಂದರೆ ಲಕ್ಷಣ ರಾತ್ರಿ ಮನೆಯಲ್ಲಿ ಕಾಣಿಸಿಕೊಳ್ಳಬಹುದು.

ಪೆಟ್ಟಾಗದಿದ್ದರೂ ಆಗಿಬಿಡುತ್ತಿತ್ತು ಎನ್ನುವ ಘಟನೆಗಳನ್ನು ಬರೆಯಲು ಒಂದು ಪುಸ್ತಕವಿದೆ. ಬರೆದವರನ್ನು ಯಾರೂ ಬೈಯುವುದಿಲ್ಲ ಎಂಬ ಭರವಸೆ ಮೊದಲ ಪುಟದಲ್ಲೇ ಇದೆ. ಅದನ್ನು ತಿರುವಿದಾಗ ಎದ್ದು ಕಂಡದ್ದು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತು. ಗೇಟಿನಲ್ಲಿ ಅಪ್ಪನ ಬೈಕ್ ಕಂಡ ಮಗು ತೂಗುತ್ತಿರುವಾಗಲೇ ಜಿಗಿಯುತ್ತದೆ, ಇನ್ನೊಂದು ಅಮ್ಮನ ಕಡೆಗೆ ನೇರ ಓಡುತ್ತದೆ, ಆಯಾ ಚೀಲ ಹುಡುಕುತ್ತಿರುತ್ತಾಳೆ. ಹೀಗಾಗಿ ಮೊದಲ ಪಾಲಕರು ಬರುವುದಕ್ಕೆ ಅರ್ಧ ಗಂಟೆ ಮುಂಚೆಯೇ ಆಸನಗಳನ್ನು ಮೇಲಕ್ಕೆತ್ತಿ ಅಡ್ಡ ಪೈಪಿನ ಕೊಕ್ಕೆಗೆ ಸಿಕ್ಕಿಸಿ ಬೀಗ ಹಾಕುತ್ತೇವೆ. ರಜೆಯ ದಿನಗಳಲ್ಲಿ ಓಣಿಯ ದೊಡ್ಡ ಹುಡುಗರು ಬಂದು ಜೀಕಿ ಕೊಂಡಿ ಸಡಿಲ ಮಾಡುವುದೂ ಇದರಿಂದ ನಿಂತಿತು. “ಮೇಡಂ, ಒಂದೇ ಸಲ, ನಾನೇ ತೂಗುತ್ತೇನೆ” ಎಂದು ಕೇಳುವ ತಂದೆಯರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಬೆಳಿಗ್ಗೆ ಬಿಡಲು ಬರುವಾಗ ಹತ್ತು ನಿಮಿಷ ಮುಂಚೆ ಬನ್ನಿ, ಆಯಾ ಇರುತ್ತಾಳೆ, ಆಗ ತೂಗಿ ಎಂದು ಹೇಳುತ್ತೇನೆ. ಕೆಲವರು ನಿಜಕ್ಕೂ ಬರುತ್ತಾರೆ.